ಕನ್ನಡಕ ಡಬ್ಬಿಯಲ್ಲಿಡಬೇಡ: ಮಗಳಿಗೊಂದು ಪತ್ರ

ಚಿತ್ರದುರ್ಗ
ಭಾನುವಾರ

ಚಿರಂಜೀವಿ ಸಿಂಚನಾಳಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ತಮ್ಮನಿಗೆ ಶೀತ ಆಗಿತ್ತು, ಈಗ ಪರವಾಗಿಲ್ಲ. ವಾರ್ಡನ್ ಮೇಡಂ ಫೋನ್ ಕೊಡೋದೇ ಐದು ನಿಮಿಷ, ಅದರಲ್ಲಿ ನಿನ್ನ ಪ್ರಶ್ನೆಗಳಿಗೆಲ್ಲ ಉತ್ತರ ಹೇಳೋಕಾಗಲಿಲ್ಲ. ಅದಕ್ಕೇ ಬರೀತಿದ್ದೀನಿ. ಕನ್ನಡಕ ಹಾಕಿದಷ್ಟೂ ನಂಬರ್ ಏರುತ್ತೆ ಅಂತ ರೂಮಿನ ಹುಡುಗೀರು ಹೇಳಿದರು, ಕ್ಲಾಸಲ್ಲಿ ಬಿಟ್ಟರೆ ಬೇರೆ ಹೊತ್ತು ಡಬ್ಬಿಯಲ್ಲೇ ಇಡ್ತೀನಿ ಅಂದೆಯಲ್ಲ, ಮೊದಲು ಅದರ ಮಾತು. ಇಡಬೇಡ. ಹಾಕ್ಕೋ.

ಈ ಮಾತು ನಮ್ಮ ಕಾಲದಲ್ಲೂ ಇತ್ತು. ನಂಬರ್ ಏರೋ ವಯಸ್ಸಿನಲ್ಲೇ ಕನ್ನಡಕ ಬರುತ್ತೆ, ಆಮೇಲೆ ಏರಿದ್ದಕ್ಕೆಲ್ಲ ಕನ್ನಡಕದ ಮೇಲೆ ಅಪವಾದ. ಬೇಕಾದ್ದಕ್ಕಿಂತ ಕಮ್ಮಿ ನಂಬರ್ ಕೊಟ್ಟರೆ ಕಣ್ಣು ಸುಧಾರಿಸಬಹುದು ಅಂತ ಕೆಲವು ಡಾಕ್ಟರುಗಳೂ ಅಂದುಕೊಂಡಿದ್ದರಂತೆ. ಮಲೇಷಿಯಾದಲ್ಲಿ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪೂರ್ತಿ ನಂಬರ್, ಇನ್ನೊಂದಕ್ಕೆ ಕಮ್ಮಿ ನಂಬರ್ ಕೊಟ್ಟು ನೋಡಿದರು. 2002ರಲ್ಲಿ ಅದರ ಫಲಿತಾಂಶ ಬಂತು: ಕಮ್ಮಿ ಹಾಕಿಕೊಂಡವರದ್ದೇ ಹೆಚ್ಚು ಏರಿತ್ತು. ಇದನ್ನ ನಿನ್ನ ಗೆಳತಿಯರಿಗೂ ಹೇಳು. ಸೋಡಾಬುಡ್ಡಿ ಅನ್ನೋರಿಗೆ ಏನೂ ಹೇಳಬೇಡ, ನಾನು ಇಪ್ಪತ್ತು ವರ್ಷ ಅನ್ನಿಸಿಕೊಂಡಿದ್ದೀನಿ, ಅವರಿಗೇ ಬೇಜಾರಾಗುತ್ತೆ.

ಹಾಗಾದರೆ ನಂಬರ್ ಯಾಕೆ ಏರುತ್ತೆ? ರಜೆಯಲ್ಲಿ ಬಂದಾಗ ಡಾಕ್ಟ್ರಮ್ಮ ಒಂದು ಮಿಷನ್ ಮುಂದೆ ಗಲ್ಲ ಊರಿಸಿ, ಕೆಂಪು ಚುಕ್ಕಿ ನೋಡು ಅಂದಿದ್ದರಲ್ಲ, ಅದು ಅಳೆದದ್ದು ನಿನ್ನ ಕಣ್ಣುಗುಡ್ಡೆಯ ಉದ್ದ. ಮುಂದಿನಿಂದ, ಬೆಳಕು ಬಿದ್ದು ಚಿತ್ರ ಮೂಡೋ ಹಿಂದಿನ ಪರದೆವರೆಗೆ, ದೊಡ್ಡವರಲ್ಲಿ ಸಾಮಾನ್ಯವಾಗಿ 23ರಿಂದ 24 ಮಿಲಿಮೀಟರ್ ಇರುತ್ತೆ. ನಿನ್ನದು ಈಗಲೇ ಅದನ್ನ ದಾಟಿದೆ. ಗುಂಡಗಿರಬೇಕಾದ್ದು ಕೋಳಿಮೊಟ್ಟೆಯ ಹಾಗೆ ಹಿಂದಕ್ಕೆ ಬೆಳೆದರೆ, ದೂರದಿಂದ ಬಂದ ಬೆಳಕು ಪರದೆ ಮುಟ್ಟೋ ಮೊದಲೇ ಕೂಡಿಕೊಂಡುಬಿಡುತ್ತೆ, ಬೋರ್ಡು ಮಸುಕಾಗುತ್ತೆ. ಸಮೀಪದೃಷ್ಟಿ ಅನ್ನೋದು ಇದಕ್ಕೇ. ಒಂದು ಮಿಲಿಮೀಟರ್ ಉದ್ದ ಆದರೆ ಹೆಚ್ಚುಕಮ್ಮಿ ಎರಡೂವರೆ, ಮೂರು ನಂಬರ್. ನಿನ್ನ ಮೈನಸ್ ಎರಡು ಅಂದರೆ ಕನ್ನಡಕ ಇಲ್ಲದೆ ಅರ್ಧ ಮೀಟರ್‌ವರೆಗೆ ಮಾತ್ರ ಸ್ಪಷ್ಟ. ನನ್ನ ಮೈನಸ್ ಎಂಟಕ್ಕೆ ಹನ್ನೆರಡೂವರೆ ಸೆಂಟಿಮೀಟರ್. ಅರ್ಧ ಗೇಣಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬೆಳಿಗ್ಗೆ ಎದ್ದು ನಾನು ದಿಂಬಿನ ಸುತ್ತ ಕೈಯಾಡಿಸೋದು ನೋಡಿ ನೀವಿಬ್ಬರೂ ನಗ್ತೀರಲ್ಲ, ಕಾರಣ ಇದೇ.

ಉದ್ದ ಆದ ಕಣ್ಣು ಮತ್ತೆ ಗಿಡ್ಡ ಆಗಲ್ಲ. ನಂಬರ್ ಇಳಿಸ್ತೀವಿ ಅಂತ ಯಾರಾದರೂ ವ್ಯಾಯಾಮ, ಎಣ್ಣೆ, ಪುಡಿ ಅಂದರೆ ನಂಬಬೇಡ. ದೊಡ್ಡವಳಾದ ಮೇಲೆ ಲೇಸರ್ ಮಾಡಿಸ್ಕೋತೀನಿ ಅಂತೀಯ. ಮಾಡಿಸ್ಕೋ, ಬೇಡ ಅನ್ನಲ್ಲ. ಆದರೆ ಲೇಸರ್ ಸರಿಮಾಡೋದು ಕಣ್ಣಿನ ಮುಂಭಾಗವನ್ನ, ಹಿಂದೆ ಬೆಳೆದ ಉದ್ದ ಹಾಗೇ ಉಳಿಯುತ್ತೆ. ನಮ್ಮಿಂದ ಆಗೋ ಕೆಲಸ ಅಂದರೆ ಏರೋದನ್ನ ನಿಧಾನ ಮಾಡೋದು. ಹದಿನೈದು ಹದಿನಾರರ ಹೊತ್ತಿಗೆ ಬಹಳ ಮಕ್ಕಳಲ್ಲಿ ಏರಿಕೆ ತಾನಾಗೇ ತಗ್ಗುತ್ತೆ. ನಿನಗೀಗ ಹನ್ನೆರಡು. ನಡುವಿನ ಈ ನಾಲ್ಕು ವರ್ಷಕ್ಕೇ ನಾನು ಇಷ್ಟು ತಲೆ ಕೆಡಿಸಿಕೊಂಡಿರೋದು.

ಎರಡಾದರೇನು, ಆರಾದರೇನು, ಕನ್ನಡಕ ಇದೆಯಲ್ಲ ಅಂತ ನಿಮ್ಮಪ್ಪನೂ ಕೇಳಿದರು. ಆರು ದಾಟಿದ ಕಣ್ಣಿನಲ್ಲಿ ಹಿಂದಿನ ಪರದೆ ಎಳೆದು ತೆಳುವಾಗಿರುತ್ತೆ. ಪರದೆ ಹರಿಯೋ, ಕಳಚಿಕೊಳ್ಳೋ ಭಯ ಬೇರೆಯವರಿಗಿಂತ ಹೆಚ್ಚು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗೋ ರೋಗ, ಬರೋ ಸಾಧ್ಯತೆಯೂ ಹೆಚ್ಚು. ನಾನು ವರ್ಷ ವರ್ಷ ಡ್ರಾಪ್ಸ್ ಹಾಕಿಸಿಕೊಂಡು ಪರದೆ ತೋರಿಸಿಕೊಂಡು ಬರೋದು ಅದಕ್ಕೇ. ಕಣ್ಣೆದುರು ಮಿಂಚು ಹೊಡೆದ ಹಾಗಾದರೆ, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲಿದರೆ, ಪಕ್ಕದಿಂದ ಕರ್ಟನ್ ಇಳಿದಂತೆ ಕತ್ತಲಾದರೆ ಅವತ್ತೇ ಬರಬೇಕು ಅಂತ ನನಗೆ ಹೇಳಿಟ್ಟಿದ್ದಾರೆ. ನಿನ್ನನ್ನ ಹೆದರಿಸೋಕೆ ಬರೀತಿಲ್ಲ. ಎರಡೂವರೆ, ಮೂರಕ್ಕೆ ನಿಂತರೆ ನಿನಗೆ ಈ ಕಾಟ ಬಹಳಷ್ಟು ತಪ್ಪುತ್ತೆ.

ಈಗ ಮುಖ್ಯ ವಿಷಯ, ಬಿಸಿಲು. ಬಯಲಿನ ಬೆಳಕು ಬಿದ್ದಾಗ ಕಣ್ಣಿನ ಪರದೆಯಲ್ಲಿ ಡೋಪಮೀನ್ ಅನ್ನೋ ರಾಸಾಯನಿಕ ಹೆಚ್ಚುತ್ತೆ, ಕಣ್ಣುಗುಡ್ಡೆ ಉದ್ದ ಆಗೋದನ್ನ ಅದು ತಡೆಯುತ್ತೆ ಅಂತ ವಿಜ್ಞಾನಿಗಳ ಲೆಕ್ಕಾಚಾರ. ನಿನ್ನ ಮಾವ ಅವನ ಫೋನಲ್ಲಿ ಬೆಳಕು ಅಳೆಯೋ ಆಪ್ ಹಾಕಿಕೊಂಡು ನಮ್ಮ ಎಣ್ಣೆ ಮಿಲ್ಲಿಗೆ ಬಂದಿದ್ದ. ನಾನು ಲೆಕ್ಕ ಬರೆಯೋ ಮೇಜಿನ ಮೇಲೆ, ಟ್ಯೂಬ್‌ಲೈಟ್ ಉರೀತಿದ್ದರೂ, ಇನ್ನೂರು ಲಕ್ಸ್ ಆಸುಪಾಸು ತೋರಿಸ್ತು, ಲಕ್ಸ್ ಅಂದರೆ ಬೆಳಕಿನ ಅಳತೆ. ಅದೇ ಫೋನನ್ನ ಹೊರಗೆ ಶೇಂಗಾ ಚೀಲ ಇಳಿಸೋ ಜಾಗದಲ್ಲಿ, ಹೊಂಗೆ ಮರದ ನೆರಳಲ್ಲೇ ಹಿಡಿದರೆ ಆರೇಳು ಸಾವಿರ. ನಮಗೆ ಒಳಗೂ ಬೆಳಕಾಗೇ ಕಂಡಿತ್ತು! ಹಾಗಾಗಿ ನಮ್ಮ ದುರ್ಗದ ಸುಡು ಬಿಸಿಲಿನಲ್ಲಿ ನೆತ್ತಿ ಕಾಯಿಸಿಕೊಂಡು ನಿಲ್ಲಬೇಕಿಲ್ಲ. ಟೋಪಿ ಹಾಕ್ಕೋ, ಮರದ ಕೆಳಗೆ ಕೂತ್ಕೋ, ಬೇಕಿದ್ದರೆ ಪುಸ್ತಕವನ್ನೂ ಅಲ್ಲಿಗೇ ಒಯ್ಯಿ. ಬಯಲಲ್ಲಿ ಇರೋದು ಮುಖ್ಯ. ಸೂರ್ಯನನ್ನ ಮಾತ್ರ ನೇರ ನೋಡಬೇಡ.

ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷದ ಹೊರಾಂಗಣ ಪೀರಿಯಡ್ ಒಂದನ್ನ ಹೆಚ್ಚಿಗೆ ಕೊಟ್ಟರು. ಮೂರು ವರ್ಷ ಆದಮೇಲೆ ನೋಡಿದರೆ ಆ ಶಾಲೆಗಳಲ್ಲಿ ನೂರಕ್ಕೆ 30 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಮಾಮೂಲಿ ಶಾಲೆಗಳಲ್ಲಿ ಸುಮಾರು 40 ಮಕ್ಕಳಿಗೆ. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ತೈವಾನಿನ ಶಾಲೆಗಳಲ್ಲಂತೂ 2010ರಿಂದ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಲಿ ಅಂತ ಕಾರ್ಯಕ್ರಮವೇ ನಡೀತಿದೆ. ನಿಮ್ಮಲ್ಲಿ ಪಿ.ಟಿ. ಪೀರಿಯಡ್ಡನ್ನ ಗಣಿತದವರು ತಗೋತಾರೆ! ಪೋಷಕರ ಸಭೆಯಲ್ಲಿ ಹೇಳಿದೆ, ನಕ್ಕು ಸುಮ್ಮನಾದರು. ದಸರಾ ಆದಮೇಲೆ ಮತ್ತೆ ಹೇಳ್ತೀನಿ.

ಕನ್ನಡಕ ಬರದ ಹಾಗೆ ತಡೆಯೋದರಲ್ಲಿ ಬಿಸಿಲಿನ ಪಾತ್ರ ದೊಡ್ಡದು, ಬಂದಮೇಲೆ ನಿಧಾನ ಮಾಡೋದರಲ್ಲಿ ಅಷ್ಟಿಲ್ಲ ಅಂತಾರೆ ಡಾಕ್ಟ್ರಮ್ಮ. ಅದಕ್ಕೇ ನಿನ್ನ ತಮ್ಮನನ್ನ ಸಂಜೆ ಮನೆಯೊಳಗೆ ಬಿಟ್ಟುಕೊಳ್ತಿಲ್ಲ. ತಾರಸಿ ಮೇಲೆ ನಿಲ್ಲಿಸಿ, ಒಂದೊಂದು ಕಣ್ಣು ಮುಚ್ಚಿಸಿ, ಗುಡ್ಡದ ಮೇಲಿನ ಗಾಳಿಯಂತ್ರ ತಿರುಗ್ತಿದೆಯಾ ನಿಂತಿದೆಯಾ ಅಂತ ಕೇಳ್ತಿರ್ತೀನಿ. ಸದ್ಯಕ್ಕೆ ಮೂರು ರೆಕ್ಕೆಯೂ ಕಾಣ್ತಿವೆ ಅವನಿಗೆ. ಆದರೂ ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ತೋರಿಸೋದು ತಪ್ಪಿಸಲ್ಲ. ಅಮ್ಮನಿಗೂ ಅಕ್ಕನಿಗೂ ಇದ್ದಮೇಲೆ ಅವನಿಗೂ ಬರೋ ಸಾಧ್ಯತೆ ಹೆಚ್ಚೇ.

ನಿನಗೆ ರಾತ್ರಿ ಹಾಕೋಕೆ ಕೊಟ್ಟಿರೋ ಡ್ರಾಪ್ಸ್ ಅಟ್ರೊಪಿನ್. ಕಣ್ಣು ನೋಯ್ತಿಲ್ಲವಲ್ಲ, ಯಾಕೆ ಹಾಕಬೇಕು ಅಂದೆ. ಅದು ನೋವಿಗಲ್ಲ, ಉದ್ದ ಆಗೋದನ್ನ ನಿಧಾನಿಸೋಕೆ. ಪಾಪೆ ಹಿಗ್ಗಿಸಿ ಪರೀಕ್ಷೆ ಮಾಡೋಕೆ ಬಳಸೋ ಅಟ್ರೊಪಿನ್ ಶೇಕಡಾ 1ರದ್ದು, ಹಾಕಿದರೆ ದಿನಗಟ್ಟಲೆ ಹತ್ತಿರದ ಅಕ್ಷರ ಕಾಣಲ್ಲ. ನಿನ್ನದು ಶೇಕಡಾ 0.01. ಹಾಂಗ್‌ಕಾಂಗ್‌ನಲ್ಲಿ 0.01, 0.025, 0.05 ಮೂರನ್ನೂ ಹೋಲಿಸಿದಾಗ 0.05 ಹೆಚ್ಚು ಕೆಲಸ ಮಾಡಿತ್ತು. ಕಮ್ಮಿಯಿಂದ ಶುರು ಮಾಡಿ, ಆರು ತಿಂಗಳಿಗೆ ಮತ್ತೆ ಉದ್ದ ಅಳೆದು, ಬೇಕಾದರೆ ಹೆಚ್ಚಿಸೋಣ ಅಂದಿದ್ದಾರೆ. ನೀನಾಗೇ ನಿಲ್ಲಿಸಬೇಡ, ಕೆಲವರಿಗೆ ನಿಲ್ಲಿಸಿದಮೇಲೆ ಮತ್ತೆ ರಭಸದಿಂದ ಏರುತ್ತಂತೆ. ಹಾಕಿದಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನ ಒಂದು ನಿಮಿಷ ಒತ್ತಿ ಹಿಡಿ, ಗಂಟಲಿಗೆ ಕಹಿ ಇಳಿಯಲ್ಲ. ಬಿಸಿಲು ಕಣ್ಣಿಗೆ ಚುಚ್ಚಿದ ಹಾಗಾದರೆ ಬರಿ.

ಗಾಜಿನ ಮಧ್ಯದಲ್ಲಿ ಮಾಮೂಲಿ ನಂಬರ್, ಸುತ್ತ ನೂರಾರು ಸಣ್ಣ ಸಣ್ಣ ಲೆನ್ಸ್ ಇರೋ ಕನ್ನಡಕವೂ ಬಂದಿದೆ. ಹಾಂಗ್‌ಕಾಂಗ್‌ನ ಎರಡು ವರ್ಷದ ಪರೀಕ್ಷೆಯಲ್ಲಿ ಅಂಥದ್ದೊಂದು ಏರಿಕೆಯನ್ನ ಅರ್ಧದಷ್ಟು ತಗ್ಗಿಸಿತ್ತು. ನನಗೆ ಮನಸ್ಸಿದೆ. ಆದರೆ ಬೆಲೆ ಮಾಮೂಲಿ ಗಾಜಿಗಿಂತ ಬಹಳ ಹೆಚ್ಚು, ನೀನೋ ಖೋ ಖೋ ಆಡಿ ಫ್ರೇಮ್ ಮುರಿದುಕೊಂಡು ಬರೋಳು. ಆರು ತಿಂಗಳ ಅಳತೆ ನೋಡಿ ತೀರ್ಮಾನ ಮಾಡೋಣ. ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಹಾಸ್ಟೆಲ್ ಬಿಡೋವರೆಗೆ ಬೇಡ. ತೊಟ್ಟಿ ನೀರಲ್ಲಿ ಕೈ ತೊಳೆದು ಕಣ್ಣಿಗೆ ಬೆರಳು ಹಾಕೋ ಕೆಲಸ ನನಗೆ ಒಪ್ಪಿಗೆಯಿಲ್ಲ.

ಅಜ್ಜಿ ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿಸಿ ಕಳಿಸು ಅಂತಾರೆ. ರಜೆಗೆ ಬಂದಾಗ ತಿನ್ನು, ಮೈಗೆ ಒಳ್ಳೇದು, ನಂಬರಿಗೂ ಅದಕ್ಕೂ ಸಂಬಂಧ ಇಲ್ಲ. ಅವರ ಎದುರು ಮಾತ್ರ ಈ ಮಾತು ಆಡಬೇಡ. ಓದೋವಾಗ ಮೊಣಕೈ ಊರಿ ಗಲ್ಲಕ್ಕೆ ಕೈ ಕೊಟ್ಟರೆ ಎಷ್ಟೋ, ಪುಸ್ತಕ ಕಣ್ಣಿಂದ ಅಷ್ಟು ದೂರ ಇರಲಿ. ಹೊದ್ದಿಕೆಯೊಳಗೆ ಟಾರ್ಚ್ ಹಿಡಿದು ಕಾದಂಬರಿ ಓದೋದು ಬಿಡು, ವಾರ್ಡನ್ ಮೇಡಂ ನನಗೆ ಎಲ್ಲಾ ಹೇಳಿದ್ದಾರೆ.

ಇದರ ಜೊತೆ ಹೊಸ ಡ್ರಾಪ್ಸ್ ಬಾಟಲಿ ಮತ್ತು ಡಾಕ್ಟ್ರಮ್ಮ ಬರೆದುಕೊಟ್ಟ ಚೀಟಿ ಕಳಿಸಿದ್ದೀನಿ. ಚೀಟಿಯನ್ನ ಮೇಡಂ ಕೈಗೆ ಕೊಡು. ಬಾಟಲಿ ತೆರೆದ ದಿನ ಅದರ ಮೇಲೆ ತಾರೀಖು ಬರಿ, ಒಂದು ತಿಂಗಳಾದಮೇಲೆ ಉಳಿದಿದ್ದರೂ ಎಸೆದುಬಿಡು. ಚಕ್ಕುಲಿ ಡಬ್ಬಿ ರೂಮಿನವರಿಗೆಲ್ಲ ಸೇರಿ ಕಳಿಸಿರೋದು. ದಸರಾ ರಜೆಯ ಮೊದಲ ಶನಿವಾರ ಆಸ್ಪತ್ರೆಗೆ ಹೋಗೋದಿದೆ, ಹಳೇ ಕನ್ನಡಕವನ್ನೂ ಮರೆಯದೆ ತಗೊಂಡು ಬಾ.

ನಿನ್ನ ಅಮ್ಮ