ಹಾನ್ಲೆಯ ಕತ್ತಲು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

"ಯಾರೂ ಇಲ್ಲದ ಕಡೆ ಹೋಗಿ ಸ್ವಲ್ಪ ದಿನ ಸುಮ್ನೆ ಕೂತು ಬರಬೇಕು, ಒಂದು ಜಾಗ ಹೇಳು" ಅಂತ ಮೆಸೇಜ್ ಹಾಕಿದ್ದೆಯಲ್ಲ. ಮೆಸೇಜಿನಲ್ಲೇ ಉತ್ತರ ಕೊಟ್ಟು ಮುಗಿಸಲು ಮನಸ್ಸಾಗಲಿಲ್ಲ. ಜಾಗದ ಹೆಸರು ಹಾನ್ಲೆ. ಲಡಾಖ್‌ನ ಆಗ್ನೇಯ ಮೂಲೆಯಲ್ಲಿದೆ. ಲೇಹ್‌ನಿಂದ ಸುಮಾರು 250 ಕಿಲೋಮೀಟರ್. ಟಿಬೆಟ್ ಗಡಿ ಅಲ್ಲಿಂದ ದೂರವಿಲ್ಲ. ಆದರೆ ಯಾರೂ ಇಲ್ಲದ ಜಾಗ ಅಂತ ಹೇಳಲಾರೆ. ಅಲ್ಲಿ ಜನ ಇದ್ದಾರೆ. ಅವರು ಇರುವ ರೀತಿಯಿಂದಲೇ ಆ ಊರಿಗೆ ಅಷ್ಟು ನೆಮ್ಮದಿ ಬಂದಿದೆ ಅಂತ ನನಗೆ ಅನ್ನಿಸಿದೆ. ಅದನ್ನೇ ಬಿಡಿಸಿ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದು.

ಮೊದಲು ದಾರಿಯ ವಿಷಯ. ವಿಮಾನ ಇಳಿದ ಕೂಡಲೇ ಹಾನ್ಲೆಗೆ ಹೊರಡುವ ಹಾಗಿಲ್ಲ. ಲೇಹ್ ಇರುವುದೇ 11,500 ಅಡಿ ಎತ್ತರದಲ್ಲಿ. ಹಾನ್ಲೆ 14,000 ಅಡಿ ದಾಟುತ್ತದೆ. ಗಾಳಿಯಲ್ಲಿ ಆಮ್ಲಜನಕ ಕಡಿಮೆ, ದೇಹ ಹೊಂದಿಕೊಳ್ಳಲು ಸಮಯ ಬೇಕು. ಲೇಹ್‌ನಲ್ಲಿ ಕಡೇಪಕ್ಷ ಎರಡು ದಿನ ಏನೂ ಮಾಡದೆ ಇರಬೇಕು. ನೀರು ಕುಡಿ, ಮಲಗು, ನಿಧಾನಕ್ಕೆ ನಡೆ. ನಿನ್ನಂಥವನಿಗೆ ಇದೇ ಕಷ್ಟ, ನನಗೆ ಗೊತ್ತು. ಮಹಡಿ ಹತ್ತಿದರೆ ಎದೆ ಡವಡವ ಅನ್ನುತ್ತದೆ, ಹೆದರಬೇಡ. ತಲೆನೋವು ಜಾಸ್ತಿಯಾದರೆ ಮಾತ್ರ ಡಾಕ್ಟರ ಹತ್ತಿರ ಹೋಗು, ಮುಚ್ಚಿಡಬೇಡ.

ಲೇಹ್ ಬಿಟ್ಟ ಮೇಲೆ ಸಿಂಧೂ ನದಿ ಜೊತೆಯಾಗುತ್ತದೆ. ಉಪ್ಶಿ, ಚುಮಾಥಾಂಗ್, ಮಾಹೆ, ನ್ಯೋಮಾ ಹೀಗೆ ಊರುಗಳು ಬರುತ್ತವೆ, ಒಂದಕ್ಕೊಂದು ಬಹಳ ದೂರ. ಶಾಲೆಯಲ್ಲಿ ನಕ್ಷೆಯ ಮೇಲೆ ನೀಲಿ ಪೆನ್ಸಿಲಿನಲ್ಲಿ ಗೀಚಿದ ಸಿಂಧೂ ಇದೇನಾ ಅನ್ನಿಸುವಷ್ಟು ಕಿರಿದಾದ ಹೊಳೆ, ಬಂಡೆಗಳ ನಡುವೆ ನುಗ್ಗುತ್ತಿರುತ್ತದೆ. ಚುಮಾಥಾಂಗ್‌ನಲ್ಲಿ ನದಿಯ ದಂಡೆಯಲ್ಲೇ ಬಿಸಿನೀರಿನ ಬುಗ್ಗೆಗಳಿವೆ. ಒಂದು ಕಡೆ ಹಿಮದ ನೀರು, ಪಕ್ಕದಲ್ಲೇ ಹಬೆ. ಲೋಮಾ ಸೇತುವೆ ದಾಟಿದ ಮೇಲೆ ಬೆಟ್ಟಗಳು ಹಿಂದಕ್ಕೆ ಸರಿದು ಬಯಲು ಬಿಚ್ಚಿಕೊಳ್ಳುತ್ತದೆ. ಇದು ಚಾಂಗ್‌ಥಾಂಗ್ ಸೀಮೆ. ಪಶ್ಮಿನಾ ಆಡುಗಳನ್ನು ಮೇಯಿಸುವ ಚಾಂಗ್‌ಪಾ ಜನರ ನೆಲ. ಕಿಯಾಂಗ್ ಅಂತ ಕಾಡುಕತ್ತೆಗಳಿವೆ. ಮೈ ಕಂದು, ಹೊಟ್ಟೆ ಬಿಳಿ, ಕುದುರೆಯಷ್ಟು ಠೀವಿ. ಜೌಗು ಹುಲ್ಲುಗಾವಲಿನಲ್ಲಿ ಕಪ್ಪು ಕೊರಳಿನ ಕೊಕ್ಕರೆಗಳು ಜೋಡಿಜೋಡಿಯಾಗಿ ಮೇಯುತ್ತವೆ. ಲಡಾಖ್ ಅದನ್ನು ತನ್ನ ರಾಜ್ಯಪಕ್ಷಿ ಮಾಡಿಕೊಂಡಿದೆ. ಗಾಡಿ ನಿಲ್ಲಿಸಿದರೆ ಅವುಗಳ ಪಾಡಿಗೆ ಅವು ಇರುತ್ತವೆ. ಇಳಿದು ಹತ್ತಿರ ಹೋಗಬೇಡ, ಅಷ್ಟೇ.

ಹಾನ್ಲೆ ಅಂದರೆ ಒಂದೇ ಊರಲ್ಲ. ಭೋಕ್, ಪುಂಗುಕ್, ಖುಲ್ಡೋ ಅಂತ ಬಯಲಲ್ಲಿ ಚದುರಿದ ಹಟ್ಟಿಗಳು. ಗುಡ್ಡದ ಮೇಲೆ 17ನೇ ಶತಮಾನದ ಬೌದ್ಧ ಮಠ. ಎದುರಿನ ಇನ್ನೊಂದು ಗುಡ್ಡದ ತುದಿಯಲ್ಲಿ ಬೆಳ್ಳಗಿನ ಗುಮ್ಮಟ, ಅದೇ ಭಾರತೀಯ ಖಗೋಳ ವೀಕ್ಷಣಾಲಯ. ಅದರೊಳಗೆ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ (ಚಂದ್ರ ಅಂದರೆ ಇಲ್ಲಿ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್). 2000ರ ಸೆಪ್ಟೆಂಬರಿನಲ್ಲಿ ಅದರ ಕಣ್ಣಿಗೆ ಮೊದಲ ನಕ್ಷತ್ರದ ಬೆಳಕು ಬಿತ್ತು.

ಈಗ ನಿನಗೆ ಸಂಬಂಧಪಟ್ಟ ವಿಷಯ ಹೇಳುತ್ತೇನೆ. ನೀನು ದಿನಾ ಕೆಲಸಕ್ಕೆ ಹೊಸಕೋಟೆ ದಾಟಿ ಹೋಗುತ್ತೀಯ ಅಲ್ವಾ? ಹಾನ್ಲೆಯ ಆ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ! ಕೋರಮಂಗಲದ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆಯ ಕೇಂದ್ರವೊಂದು ಅಲ್ಲಿದೆ. ಉಪಗ್ರಹದ ಮೂಲಕ ಆಜ್ಞೆ ಹೋಗುತ್ತದೆ, ಗುಡ್ಡದ ಮೇಲೆ ದೂರದರ್ಶಕ ತಿರುಗುತ್ತದೆ, ಅದು ಕಂಡ ಚಿತ್ರ ಹೊಸಕೋಟೆಯ ಪರದೆಗೆ ಬರುತ್ತದೆ. ನೀನು ಸೆಕೆಂಡ್ ಶಿಫ್ಟ್ ಮುಗಿಸಿ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ನಿಂತಿರುವಾಗ, ಅಲ್ಲೇ ಪಕ್ಕದಲ್ಲಿ ಯಾರೋ ನಿದ್ದೆಗೆಟ್ಟು ಹಾನ್ಲೆಯ ಆಕಾಶ ನೋಡುತ್ತಿರುತ್ತಾರೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಯಾಕೆ ಅಷ್ಟು ದೂರ ಹೋಗಿ ಕಟ್ಟಿದರು? ಮಳೆಮೋಡಗಳನ್ನು ಹಿಮಾಲಯದ ಸಾಲುಗಳೇ ತಡೆದುಬಿಡುವುದರಿಂದ ಅಲ್ಲಿ ವರ್ಷದ ಹೆಚ್ಚಿನ ರಾತ್ರಿಗಳಲ್ಲಿ ಆಕಾಶ ತಿಳಿಯಾಗಿರುತ್ತದೆ. ಗಾಳಿ ಒಣ, ತೆಳು. ನೀರಾವಿ ಕಡಿಮೆ. ದೊಡ್ಡ ಪಟ್ಟಣ ಹತ್ತಿರದಲ್ಲಿಲ್ಲ. ಕಣಿವೆಯಲ್ಲಿ ಇನ್ನೊಂದು ದೈತ್ಯ ದೂರದರ್ಶಕ ಕೂತಿದೆ, ಮೇಸ್ ಅಂತ. 21 ಮೀಟರ್ ಅಗಲದ ಕನ್ನಡಿ ತಟ್ಟೆ. ಬಾಹ್ಯಾಕಾಶದಿಂದ ಬರುವ ಗಾಮಾ ಕಿರಣ ನಮ್ಮ ವಾತಾವರಣಕ್ಕೆ ಬಡಿದಾಗ ಏಳುವ ನೀಲಿ ಮಿಂಚನ್ನು ಅದು ಹಿಡಿಯುತ್ತದೆ. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ, ಆ ಮಿಂಚು ಇರುವುದು ಅದರಲ್ಲಿ ಕೆಲವೇ ಪಾಲಿನಷ್ಟು ಹೊತ್ತು. ಅಷ್ಟು ಸೂಕ್ಷ್ಮವಾದ ಬೆಳಕು ಕಾಣಬೇಕಾದರೆ ಸುತ್ತ ಎಂಥ ಕತ್ತಲಿರಬೇಕು, ಯೋಚಿಸು.

ಆ ಕತ್ತಲು ತಾನಾಗಿ ಉಳಿಯುವುದಿಲ್ಲ ಕಣೋ. ನಾನು ಅಲ್ಲಿಂದ ತಿಳಿದುಕೊಂಡು ಬಂದದ್ದು ಇದನ್ನೇ. 2022ರ ಡಿಸೆಂಬರಿನಲ್ಲಿ ವೀಕ್ಷಣಾಲಯದ ಸುತ್ತ 22 ಕಿಲೋಮೀಟರ್ ಪ್ರದೇಶವನ್ನು ಹಾನ್ಲೆ ಕತ್ತಲಾಕಾಶ ರಕ್ಷಿತ ಪ್ರದೇಶ ಅಂತ ಘೋಷಿಸಿದರು. ಕಾಡು, ಪ್ರಾಣಿ ಉಳಿಸಲು ಗಡಿ ಹಾಕುವುದು ಕೇಳಿದ್ದೆವು. ಇಲ್ಲಿ ಕತ್ತಲನ್ನು ಉಳಿಸಲು ಹಾಕಿದ್ದಾರೆ. ಕಾಗದದ ಮೇಲೆ ಘೋಷಣೆ ಸುಲಭ. ಅದನ್ನು ಪಾಲಿಸುವವರು ಊರಿನವರು.

ನಾವು ಉಳಿದಿದ್ದು ಒಂದು ಹೋಮ್‌ಸ್ಟೇಯಲ್ಲಿ. ಸಂಜೆ ಮನೆಯೊಡತಿ ಒಲೆಗೆ ಒಣ ಸಗಣಿ ಹಾಕಿ, ಥುಕ್ಪಾ ಪಾತ್ರೆ ಇಟ್ಟು, ಆಮೇಲೆ ಕೋಣೆಕೋಣೆಗೂ ಹೋದರು. ಕಿಟಕಿಗೆ ದಪ್ಪ ಪರದೆ ಎಳೆದರು. ಅಂಚಿನಲ್ಲಿ ಸಂದು ಉಳಿದಿದ್ದರೆ ಬೆರಳಿಂದ ಒತ್ತಿ ಗೋಡೆಗೆ ಅಂಟಿಸಿದರು. ಅದಾದ ಮೇಲೆಯೇ ದೀಪ ಹಾಕಿದ್ದು. ನಮ್ಮ ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿಡುತ್ತಾರೆ. ಈಕೆ ಅದೇ ಶ್ರದ್ಧೆಯಿಂದ ಮುಚ್ಚುತ್ತಿದ್ದರು. ಹೊರಗಿನ ಬಲ್ಬಿಗೂ ತಗಡಿನ ಟೋಪಿ ಇತ್ತು, ಬೆಳಕು ನೆಲಕ್ಕೆ ಮಾತ್ರ ಬೀಳುವ ಹಾಗೆ. ಯಾರೂ ಬಂದು ತಪಾಸಣೆ ಮಾಡುತ್ತಿರಲಿಲ್ಲ. ದಿನಾ ಸಂಜೆ ಆಕೆ ತಮ್ಮ ಪಾಡಿಗೆ ಅದನ್ನು ಮಾಡುತ್ತಿದ್ದರು.

ರಾತ್ರಿ ಎಂಟರ ಮೇಲೆ ಹೊರಗೆ ಬಂದೆವು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ಒಂದು ಸಲ ಮೊಬೈಲ್ ತೆರೆದರೆ ಆ ಕಾಯುವಿಕೆ ಮತ್ತೆ ಮೊದಲಿಂದ. ಹಾಗಾಗಿ ಫೋನ್ ಒಳಗೇ ಬಿಟ್ಟಿದ್ದೆವು. ಮೊದಲು ಏನೂ ವಿಶೇಷ ಕಾಣಲಿಲ್ಲ. ನಿಂತೇ ಇದ್ದೆವು. ನೋಡುನೋಡುತ್ತಾ ಚುಕ್ಕೆಗಳ ಹಿಂದೆ ಚುಕ್ಕೆಗಳು, ಅವುಗಳ ಹಿಂದೆ ಇನ್ನಷ್ಟು. ಆಕಾಶಗಂಗೆ ಒಂದು ದಿಗಂತದಿಂದ ಇನ್ನೊಂದರ ತನಕ ಹರಡಿತ್ತು, ಮಧ್ಯೆ ಕಪ್ಪು ಸೀಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸಪ್ತರ್ಷಿ ಮಂಡಲ ಎಲ್ಲಿ ಅಂತ ಹುಡುಕಿದೆ. ಅಷ್ಟೊಂದು ಚುಕ್ಕೆಗಳ ನಡುವೆ ಗೊತ್ತಿದ್ದ ಗುಂಪುಗಳೇ ಕಳೆದುಹೋಗಿದ್ದವು. ಧ್ರುವ ನಕ್ಷತ್ರ ಬೆಂಗಳೂರಿನಲ್ಲಿ ದಿಗಂತದಿಂದ ಬರೀ 13 ಡಿಗ್ರಿ ಮೇಲಿರುತ್ತದೆ, ಯಾವುದಾದರೂ ಅಪಾರ್ಟ್‌ಮೆಂಟಿನ ಹಿಂದೆ ಅಡಗಿರುತ್ತದೆ. ಅಲ್ಲಿ ಸುಮಾರು 33 ಡಿಗ್ರಿ ಎತ್ತರದಲ್ಲಿ ಧೈರ್ಯವಾಗಿ ನಿಂತಿತ್ತು.

ಊರಿನ ಹುಡುಗಿಯೊಬ್ಬಳು ಬಂದಳು. ಅವಳು ಅಲ್ಲಿನ ಖಗೋಳ ರಾಯಭಾರಿ. ಸುತ್ತಲಿನ ಹಟ್ಟಿಗಳ 24 ಜನರಿಗೆ ವಿಜ್ಞಾನಿಗಳು ತರಬೇತಿ ಕೊಟ್ಟು, ಎಂಟು ಇಂಚಿನ ದೂರದರ್ಶಕಗಳನ್ನು ಕೊಟ್ಟಿದ್ದಾರೆ. ಬರುವ ಪ್ರವಾಸಿಗರಿಗೆ ಆಕಾಶ ತೋರಿಸುವುದು ಅವರ ದುಡಿಮೆ. ಕೈಯಲ್ಲಿ ಕೆಂಪು ಟಾರ್ಚು, ಕೆಂಪು ಬೆಳಕು ಕಣ್ಣಿನ ಕತ್ತಲನ್ನು ಅಷ್ಟಾಗಿ ಕೆಡಿಸುವುದಿಲ್ಲ. ಎಲ್ಲಿಂದ ಅಂತ ಹಿಂದಿಯಲ್ಲಿ ಕೇಳಿದಳು. ಬೆಂಗಳೂರು ಅಂದೆ. "ಹೊಸಕೋಟೆ ಹತ್ತಿರವಾ?" ಅಂದಳು! ಲಡಾಖ್‌ನ ತುದಿಯಲ್ಲಿ, ಆ ಚಳಿಯಲ್ಲಿ, ಹೊಸಕೋಟೆಯ ಹೆಸರು ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂತ ನಿನಗೆ ಅರ್ಥವಾಗುತ್ತದೆ.

ಅವಳು ಹರ್ಕ್ಯುಲಸ್ ನಕ್ಷತ್ರಪುಂಜದಲ್ಲಿರುವ ನಕ್ಷತ್ರಗುಚ್ಛವೊಂದನ್ನು ಹಿಡಿದು ತೋರಿಸಿದಳು. ಬರಿಗಣ್ಣಿಗೆ ಮಸುಕು ಚುಕ್ಕೆ. ದೂರದರ್ಶಕಕ್ಕೆ ಕಣ್ಣಿಟ್ಟರೆ ಕರಿ ಕಂಬಳಿಯ ಮೇಲೆ ಹಿಡಿ ರವೆ ಚೆಲ್ಲಿದ ಹಾಗೆ. ಲಕ್ಷಗಟ್ಟಲೆ ನಕ್ಷತ್ರಗಳು. ಆಮೇಲೆ ಬರಿಗಣ್ಣಲ್ಲೇ ಆಂಡ್ರೊಮಿಡಾ ಗ್ಯಾಲಕ್ಸಿ ತೋರಿಸಿದಳು. ನೇರ ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ನೋಡಿ, ಆಗ ಚೆನ್ನಾಗಿ ಕಾಣುತ್ತದೆ ಅಂದಳು. ಹಾಗೇ ಕಂಡಿತು. ಅಲ್ಲಿಂದ ಹೊರಟ ಬೆಳಕು ಸುಮಾರು 25 ಲಕ್ಷ ವರ್ಷ ಪ್ರಯಾಣ ಮಾಡಿ ಆ ರಾತ್ರಿ ನನ್ನ ಕಣ್ಣು ಸೇರಿತ್ತು.

ಹನ್ನೊಂದು ದಾಟಿದ ಮೇಲೆ ಪೂರ್ವದಲ್ಲಿ ಕೃತ್ತಿಕೆ ಮೇಲೇರಿತ್ತು, ಅದರ ಕೆಳಗೆ ಕೆಂಪು ಛಾಯೆಯ ರೋಹಿಣಿ ಹುಟ್ಟಿತು. ನಿನಗೆ ಇದನ್ನು ಹೇಳಲೇಬೇಕು. ನಮ್ಮಜ್ಜನ ಬಾಯಲ್ಲಿ ಈ ಹೆಸರುಗಳನ್ನು ಎಷ್ಟು ಕೇಳಿದ್ದೇವೆ! ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅಂತ ಗಾದೆ. ನನಗೆ ಅವೆಲ್ಲ ಮಳೆಗಳಾಗಿಯೇ ಗೊತ್ತಿದ್ದವು. ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿಯಲ್ಲಿರುವ ಹದಿಮೂರು ಹದಿನಾಲ್ಕು ದಿನ. ಅಂದರೆ ಆ ಮಳೆಯ ದಿನಗಳಲ್ಲಿ ಆ ನಕ್ಷತ್ರ ಸೂರ್ಯನ ಜೊತೆಗೇ ಹುಟ್ಟಿ ಮುಳುಗುತ್ತದೆ, ರಾತ್ರಿ ಕಾಣುವುದೇ ಇಲ್ಲ. ಕಾಣದೆ ಇರುವಾಗಲೂ ಅದು ಎಲ್ಲಿದೆ ಅಂತ ನಮ್ಮವರಿಗೆ ಗೊತ್ತಿತ್ತು. ವರ್ಷಪೂರ್ತಿ ಆಕಾಶ ನೋಡಿದವರಿಗೆ ಮಾತ್ರ ಹಾಗೆ ಲೆಕ್ಕ ಇಡಲು ಸಾಧ್ಯ. ಅಂಥ ಆಕಾಶ ನಮ್ಮ ಊರ ಹೊಲಗಳ ಮೇಲೂ ಇತ್ತು. ಅಜ್ಜ ರಾತ್ರಿ ಕಣದಲ್ಲಿ ಮಲಗಿ ನೋಡುತ್ತಿದ್ದದ್ದು ಇದನ್ನೇ ಇರಬೇಕು ಅನ್ನಿಸಿದಾಗ ಕಣ್ಣು ತುಂಬಿ ಬಂತು.

ನೀನು ಕೇಳಿದ ನೆಮ್ಮದಿ ಅಲ್ಲಿ ಸಿಗುತ್ತದಾ? ನನಗೆ ಸಿಕ್ಕಿತು. ಅಲ್ಲಿ ನಿಂತಾಗ ತಲೆಯಲ್ಲಿ ಓಡುವ ಮಾತುಗಳು ತಾವಾಗಿಯೇ ನಿಂತವು. ಆದರೆ ಅದಕ್ಕೆ ಹೊತ್ತು ಕೊಡಬೇಕು. ಬಹಳ ಜನ ಸಂಜೆ ಬಂದು, ಉಂಡು ಮಲಗಿ, ಬೆಳಿಗ್ಗೆ ಎದ್ದು 19,024 ಅಡಿ ಎತ್ತರದ ಉಮ್ಲಿಂಗ್ ಲಾ ರಸ್ತೆಗೆ ಹೋಗಿ ಫೋಟೋ ತೆಗೆಸಿಕೊಂಡು ಹೊರಟುಹೋಗುತ್ತಾರೆ. ಹಾಗೆ ಮಾಡಬೇಡ ಅಂತ ಕೈಮುಗಿದು ಕೇಳುತ್ತೇನೆ. ಒಂದು ರಾತ್ರಿ ಒಂದು ಗಾಡಿ ಹೈ ಬೀಮ್ ಹಾಕಿಕೊಂಡು ಬಯಲಿಗೆ ಬಂತು. ದೂರದರ್ಶಕದ ಸುತ್ತ ನಿಂತಿದ್ದ ಎಲ್ಲರ ಕಣ್ಣೂ ಒಂದೇ ಕ್ಷಣದಲ್ಲಿ ಕುರುಡಾಯಿತು. ಆ ಹುಡುಗಿ ಬೈಯಲಿಲ್ಲ. ನಡೆದುಕೊಂಡು ಹೋಗಿ ದೀಪ ಆರಿಸಲು ಕೇಳಿಕೊಂಡಳು, ಬಂದವರನ್ನು ಕರೆತಂದು ಅವರಿಗೂ ಆಕಾಶ ತೋರಿಸಿದಳು. ನನಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಊರಿಗೆ ಊರೇ ಪರದೆ ಎಳೆದುಕೊಂಡು ಕಾಯುತ್ತಿರುವುದನ್ನು ಹೊರಗಿಂದ ಬಂದ ನಾವು ಹಾಳು ಮಾಡಬಾರದು.

2024ರ ಮೇ ತಿಂಗಳಲ್ಲಿ ಸೂರ್ಯನಿಂದ ದೊಡ್ಡ ಬಿರುಗಾಳಿ ಎದ್ದಾಗ ಹಾನ್ಲೆಯ ಆಕಾಶ ಕೆಂಪಾಗಿದ್ದನ್ನು ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದಿವೆ. ಧ್ರುವ ಪ್ರದೇಶಗಳಲ್ಲಿ ಕಾಣುವ ಅರೋರಾ ನಮ್ಮ ದೇಶದಲ್ಲಿ! ಅದು ಬಲು ಅಪರೂಪ, ಅದನ್ನೇ ನೆಚ್ಚಿಕೊಂಡು ಬರಬೇಡ. ಅದಿಲ್ಲದಿದ್ದರೂ ನೋಡಲು ಬೇಕಾದಷ್ಟಿದೆ.

ಈಗ ಲೆಕ್ಕ. ಬೆಳದಿಂಗಳಲ್ಲಿ ಹೋಗಿ ಪ್ರಯೋಜನವಿಲ್ಲ. ಮಹಾಲಯ ಅಮಾವಾಸ್ಯೆಗೆ ನಿಮ್ಮ ಮನೆಯಲ್ಲಿ ಎಡೆ ಇಡಬೇಕು, ಗೊತ್ತು. ಅದನ್ನು ಮುಗಿಸಿ ಮಾರನೇ ದಿನ ವಿಮಾನ ಹತ್ತೋಣ. ಎರಡು ದಿನ ಲೇಹ್‌ನಲ್ಲಿ ಸುಧಾರಿಸಿಕೊಂಡು ಹೊರಟರೆ ಹಾನ್ಲೆ ಸೇರುವ ಹೊತ್ತಿಗೆ ಚೌತಿ. ಎಳೆ ಚಂದ್ರ ಬೇಗ ಮುಳುಗುತ್ತಾನೆ, ಆಮೇಲೆ ಇಡೀ ರಾತ್ರಿ ನಮ್ಮದು. ಅಲ್ಲಿ ಎರಡು ರಾತ್ರಿಯಾದರೂ ಇರೋಣ. ಆಯುಧಪೂಜೆಗೆ ಮೊದಲು ವಾಪಸ್ ಬಂದಿರುತ್ತೀಯ. ಗಡಿ ಸೀಮೆಯಾದ್ದರಿಂದ ಗುರುತಿನ ಚೀಟಿ ಅಸಲಿಯೇ ಬೇಕು. ಆ ಹೊತ್ತಿಗೆ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ, ಉಣ್ಣೆಯ ಕಾಲುಚೀಲ ಎರಡು ಜೊತೆ ಇಟ್ಟುಕೋ. ಟಾರ್ಚಿಗೆ ಕೆಂಪು ಕಾಗದ ನಾನು ತರುತ್ತೇನೆ. ರಜೆ ಸಿಗುತ್ತದಾ ಅಂತ ಈ ವಾರವೇ ಕೇಳಿ ತಿಳಿಸು, ಟಿಕೆಟ್ ನೋಡುತ್ತೇನೆ.

ಇಂತಿ ನಿನ್ನ ಗೆಳೆಯ