ಇಂಗ್ಲೆಂಡಿನ ವಿಟ್ಬಿಯಿಂದ ಅಮ್ಮನಿಗೆ

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಮಂಡಿನೋವು ಹೇಗಿದೆ? ಪುಟ್ಟನ ಪರೀಕ್ಷೆ ಮುಗೀತಾ?

ನಿನ್ನ ಕಾಗದ ಬಂತು. ತೀರ್ಥಹಳ್ಳಿಯವರು ನನ್ನ ಫೋಟೊ ನೋಡಿ "ಹುಡುಗಿ ಅಲ್ಲಿ ನಿಜಕ್ಕೂ ಏನು ಮಾಡ್ತಾಳೆ" ಅಂದರಂತೆ. ಅದನ್ನು ತೋರಿಸಿದ್ದು ಚಿಕ್ಕಮ್ಮನೇ ಅಲ್ವಾ? ಆ ಕೋರೆಹಲ್ಲು ಪ್ಲಾಸ್ಟಿಕ್ಕಿಂದು. ತುಟಿ ಪಕ್ಕ ಇಳಿದಿರುವುದು ಬೀಟ್‌ರೂಟ್ ರಸ.

ಈ ಊರೇ ಹಾಗೆ. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಆ ರಕ್ತ ಕುಡಿಯುವವನು ಹಡಗಿನಲ್ಲಿ ಬಂದು ಇಳಿಯುವುದು ಇಲ್ಲೇ. ಅದಕ್ಕೇ ಕಪ್ಪು ಬಟ್ಟೆ ತೊಟ್ಟವರ ಜಾತ್ರೆ. ಇಲ್ಲಿ 199 ಮೆಟ್ಟಿಲು ಹತ್ತಿದರೆ ಒಂದು ಚರ್ಚು. ಅವನ ಸಮಾಧಿ ಎಲ್ಲಿ ಅಂತ ಅಲ್ಲಿ ಕೇಳುವವರೂ ಇದ್ದಾರೆ! ಕಥೆಯವನಿಗೆ ಎಲ್ಲಿಯ ಸಮಾಧಿ?

ನೈಟ್ ಡ್ಯೂಟಿಯಲ್ಲಿ ಆ ಪುಸ್ತಕ ಓದಿದೆ. ನಗಬೇಡ, ಪಾಪ ಅನ್ನಿಸಿತು. ತನ್ನೂರಲ್ಲಿ ದೊಡ್ಡ ಜಮೀನ್ದಾರ. ಇಲ್ಲಿ ಬಾಯಿ ಬಿಟ್ಟರೆ ಹೊರಗಿನವನು ಅಂತ ಗೊತ್ತಾಗಬಾರದು ಅಂತ ಇಂಗ್ಲಿಷ್ ತಿದ್ದಿಸಿಕೊಳ್ಳುತ್ತಾನೆ. ವಾರ್ಡಿನಲ್ಲಿ ನಾನು 'ವಾಟರ್' ಅನ್ನುವುದನ್ನೂ ಎರಡೆರಡು ಸಲ ಹೇಳಬೇಕು. ಅವನು ತನ್ನೂರಿನ ಮಣ್ಣನ್ನು 50 ಪೆಟ್ಟಿಗೆ ತುಂಬಿಕೊಂಡು ಬರುತ್ತಾನೆ, ಅದರೊಳಗೇ ಮಲಗಬೇಕಲ್ಲ. ನಾನು ನಿನ್ನ ಹಳೇ ಸೀರೆಯನ್ನು ದಿಂಬಿಗೆ ಸುತ್ತಿಕೊಂಡು ಮಲಗುವವಳು.

ಮನೆಯವರು ಕರೆಯದೆ ಅವನು ಮೊದಲ ಸಲ ಹೊಸ್ತಿಲು ದಾಟುವ ಹಾಗಿಲ್ಲ. ಅಜ್ಜಿ ಬಾಗಿಲ ಮೇಲೆ ಇದ್ದಿಲಲ್ಲಿ 'ನಾಳೆ ಬಾ' ಬರೆದಿದ್ದಳಲ್ಲ, ನೆನಪಾಯಿತು. ಎರಡು ವರ್ಷ ಈ ಬೀದಿಯವರು ಬಾಗಿಲಲ್ಲೇ ನಿಂತು ಮಳೆ ವಿಷಯ ಮಾತಾಡಿ ಕಳಿಸಿದರು. ಈ ಸಲ ಪಕ್ಕದ ಮನೆ ಅಜ್ಜಿ ಒಳಗೆ ಕರೆದರು. ಹಳೇ ಪರದೆ ಕತ್ತರಿಸಿ ನನಗೆ ನಿಲುವಂಗಿ ಹೊಲಿದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನೆಟ್ಟಗೆ ನಿಲ್ಲು ಅಂತ ಬೈಗುಳ, ಥೇಟ್ ನಮ್ಮಜ್ಜಿ. ಆ ಫೋಟೊ ತೆಗೆದದ್ದೂ ಅವರೇ. ಅಳಿಸಿಬಿಡು ಅಂತ ಬರೆದಿದ್ದೀಯ. ಅಳಿಸುವುದಿಲ್ಲ ಅಮ್ಮ. ಈ ಊರಲ್ಲಿ ನಾನು ಮನಸಾರೆ ನಕ್ಕಿರುವ ಫೋಟೊ ಅದೊಂದೇ.

ತೀರ್ಥಹಳ್ಳಿಯವರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಹುಡುಗ ಅದನ್ನು ನೋಡಿ ನಕ್ಕರೆ ಮುಂದಿನ ಮಾತು. ಇಲ್ಲದಿದ್ದರೆ ಬೇಡ.

ನಾನು ಬಿಳಿಚಿಕೊಂಡಿಲ್ಲ, ಅದು ಪೌಡರ್. ಹಿಮೋಗ್ಲೋಬಿನ್ 12.4 ಇದೆ. ಮೂರು ಹೊತ್ತೂ ಊಟ, ಚೆನ್ನಾಗಿ ನಿದ್ದೆ. ರಕ್ತ ಕುಡಿಯುವವರಿಗೆ ಬೆಳ್ಳುಳ್ಳಿ ಕಂಡರಾಗದು, ನನ್ನ ಸಾರಿಗೋ ದಿನಾ ಬೆಳ್ಳುಳ್ಳಿ ಒಗ್ಗರಣೆ, ಇನ್ನೇನು ಸಾಕ್ಷಿ ಬೇಕು? ಸುಮ್ನೆ ಜಾಸ್ತಿ ಯೋಚಿಸಬೇಡ.

ಡ್ಯೂಟಿಗೆ ಹೊತ್ತಾಯಿತು, ಬಸ್ಸು ತಪ್ಪುತ್ತದೆ. ಮಿಡಿ ಉಪ್ಪಿನಕಾಯಿ ಮುಗಿದಿದೆ, ಮಾವ ಬರುವಾಗ ಎರಡು ಬಾಟಲಿ ಕಳಿಸು. ಒಂದು ಪಕ್ಕದ ಮನೆಗೆ.

ನಿನ್ನ,
ಶಮಿ