ಮೂರನೇ ಸಾಲಿನ ಹುಡುಗಿ

ಕೊಪ್ಪಳ,
ದೀಪಾವಳಿ ಮುಗಿದ ರವಿವಾರ

ಚಿರಂಜೀವಿ ಅವ್ವನಿಗೆ ನಿನ್ನ ಮಾಮಾನ ಆಶೀರ್ವಾದಗಳು.

ನಮ್ಮವ್ವನ ಹೆಸರು ನಿನಗಿಟ್ಟ ದಿನದಿಂದ ನಾನು ನಿನ್ನನ್ನು ಹೆಸರು ಹಿಡಿದು ಕರೆದವನಲ್ಲ. ಸರ್ಕಾರಿ ಸಾಲಿ ಟೀಚರ್ ಆದರೂ ನನಗೆ ನೀನು ಅವ್ವನೇ. ಮೊನ್ನೆ ರಾತ್ರಿ ನಿಮ್ಮವ್ವ ಫೋನ್ ಮಾಡಿ, "ಅಣ್ಣಾ, ಅಕಿ ಊಟ ಬಿಟ್ಟು ಕುಂತಾಳ, ನೀ ಏನರ ಹೇಳು" ಅಂದಳು. ಆಮೇಲೆ ನಿನ್ನ ಕೂಡ ಮಾತಾಡಿದೆನಲ್ಲ, ನೀನು ನಡೆದದ್ದನ್ನು ಹೇಳಿದೆ. ನಾನು ಹೇಳಿದ್ದಕ್ಕೆಲ್ಲ "ಹೂಂ ಮಾಮಾ" ಅಂದು ಇಟ್ಟುಬಿಟ್ಟೆ. ಅದಕ್ಕೇ ಈಗ ಕಾಗದ. ಸಿಟ್ಟು ಬಂದರೆ ಮಡಚಿ ಇಡು, ಇಳಿದ ಮೇಲೆ ತೆಗೆದು ಓದು.

ಏಳನೇ ತರಗತಿ, ಭಿನ್ನರಾಶಿ ಪಾಠ. ತಪಾಸಣೆಯ ಸಾಹೇಬರು ಹೇಳದೆ ಕೇಳದೆ ಒಳಗೆ ಬಂದು, ಬೋರ್ಡಿನ ಮೇಲೆ ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕ ಬರೆದು, ಮೂರನೇ ಸಾಲಿನ ಒಬ್ಬ ಹುಡುಗಿಯನ್ನು ಎಬ್ಬಿಸಿದರು. ಆಕೆ ನೆಲ ನೋಡುತ್ತ ನಿಂತಳು. ಮತ್ತಿಬ್ಬರನ್ನು ಕೇಳಿದರೆ ಅವರೂ ಹಾಗೇ. ಹಿಂದಿನ ದಿನವಷ್ಟೇ ಅದೇ ಲೆಕ್ಕವನ್ನು ಎಲ್ಲರೂ ಮಾಡಿದ್ದರು. ಸಾಹೇಬರು ಭೇಟಿ ಪುಸ್ತಕದಲ್ಲಿ ಕಲಿಕಾ ಮಟ್ಟ ಸುಧಾರಿಸಬೇಕು ಅಂತ ಒಂದು ಸಾಲು ಬರೆದು, ಚಹಾ ಕುಡಿದು, ಮುಂದಿನ ತಿಂಗಳು ಮತ್ತೆ ಬರುತ್ತೇನೆ ಅಂದು ಹೋದರು. ನೀನೀಗ ಅದೇ ಪಾಠದ ಪ್ರಶ್ನೆ ಉತ್ತರಗಳನ್ನು ಬಾಯಿಪಾಠ ಮಾಡಿಸಲು ಹತ್ತಿದ್ದೀಯಂತೆ.

ಮೊದಲು ಅದನ್ನು ನಿಲ್ಲಿಸು. ಯಾಕೆ ಅನ್ನುವುದಕ್ಕೆ ನನ್ನದೇ ಮಾನ ಹೋದ ಸಂಗತಿಯೊಂದನ್ನು ಹೇಳಬೇಕು. ನಿಮ್ಮತ್ತಿಗೂ ನಾನು ಪೂರ್ತಿ ಹೇಳಿಲ್ಲ.

1989ರ ಮಾತು. ಕೊಪ್ಪಳ ಆಗಿನ್ನೂ ಜಿಲ್ಲೆ ಆಗಿರಲಿಲ್ಲ, ಅದು ಆದದ್ದು 1997ರಲ್ಲಿ. ನಾವೆಲ್ಲ ರಾಯಚೂರು ಜಿಲ್ಲೆಯವರು. ಒಂದು ಸಹಿ ಬೇಕೆಂದರೆ ಆ ಊರಿಗೆ ಹೋಗಿ ಬರಲು ಒಂದು ದಿನ ಮುಳುಗುತ್ತಿತ್ತು. ನೌಕರಿಗೆ ಸೇರಿ ನನಗೆ ಎರಡನೇ ವರ್ಷ. ಇನ್ಸ್‌ಪೆಕ್ಟರ್ ಸಾಹೇಬರು ಬರುತ್ತಾರೆ ಅಂತ ಒಂದು ವಾರ ಮುಂಚೆಯೇ ಸುದ್ದಿ ಬಂತು. ನಾಲ್ಕನೇ ತರಗತಿಗೆ ನದಿಗಳ ಪಾಠ ಇಟ್ಟುಕೊಂಡೆ. ಐದು ಪ್ರಶ್ನೆ, ಐದು ಹುಡುಗರು. ಯಾವುದಕ್ಕೆ ಯಾರು ಏಳಬೇಕು ಅನ್ನುವುದನ್ನೂ ಗೊತ್ತು ಮಾಡಿ, ಬಯಲಾಟದವರ ಹಾಗೆ ವಾರವಿಡೀ ತಾಲೀಮು ಮಾಡಿಸಿದೆ. ಸಾಹೇಬರು ಬಂದು ಕುರ್ಚಿಯ ಮೇಲೆ ಕೂತರು. ನಮ್ಮ ಜಿಲ್ಲೆಯ ಎರಡು ದೊಡ್ಡ ನದಿ ಯಾವವು ಅಂತ ನಾನು ಮೊದಲನೇ ಪ್ರಶ್ನೆ ಕೇಳಿದೆ. ಅದಕ್ಕೆ ಏಳಬೇಕಾದ ಹುಡುಗ ಅವತ್ತು ಜ್ವರ ಬಂದು ಮನೆಯಲ್ಲಿ ಮಲಗಿದ್ದ. ನನಗೆ ಅದರ ಕಡೆ ಲಕ್ಷ್ಯವೇ ಇರಲಿಲ್ಲ. ಎರಡನೆಯವನು ತನ್ನ ಪಾಳಿ ಬಂತು ಅಂದುಕೊಂಡು ಎದ್ದು, ಎದೆ ಸೆಟೆಸಿ, "ಮುನಿರಾಬಾದ ಹತ್ರ ಸರ್!" ಅಂದ. ಅದು ಆಣೆಕಟ್ಟು ಎಲ್ಲಿದೆ ಅನ್ನುವ ಪ್ರಶ್ನೆಯ ಉತ್ತರ.

ಸಾಹೇಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ನಗು ನಿಂತ ಮೇಲೆ ಅವನನ್ನೇ ಮೆತ್ತಗೆ ಕೇಳಿದರು: "ಹೋಗ್ಲಿ ಬಿಡು, ನಿಮ್ಮೂರ ಹಳ್ಳ ಯಾವ ಕಡೆ ಹರಿತೈತಿ ಹೇಳು." ದಿನಾ ಆ ಹಳ್ಳದಲ್ಲೇ ಈಸುವ ಹುಡುಗ ನನ್ನ ಮುಖ ನೋಡಿದ. ಈ ಪ್ರಶ್ನೆ ನಮ್ಮ ಐದರಲ್ಲಿ ಐತೇನು ಅಂತ ಕೇಳುವ ನೋಟ ಅದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಮೈಯೆಲ್ಲ ಬೆವತು ಹೋಗಿತ್ತು. ನನ್ನ ತಲೆ ಉಳಿಸಿಕೊಳ್ಳಲು, "ಇಂವ ತಾಂಡಾದ ಹುಡುಗ ಸರ್, ಮೊದ್ಲೇ ದಡ್ಡ" ಅಂದುಬಿಟ್ಟೆ.

ಮರುದಿನ ಅವನು ಸಾಲಿಗೆ ಬರಲಿಲ್ಲ. ಎಂಟು ದಿನ ಬರಲಿಲ್ಲ. ಒಂಬತ್ತನೇ ದಿನ ಸೈಕಲ್ ಹತ್ತಿ ತಾಂಡಾಕ್ಕೆ ಹೋದೆ. ಅವರಜ್ಜಿ ಹೊರಸು ಹಾಕಿ ಕೂಡಿಸಿ, ಬೆಲ್ಲದ ಚಹಾ ಕೊಟ್ಟಳು. ಹುಡುಗ ಬೇವಿನ ಗಿಡದ ಹಿಂದೆ ನಿಂತಿದ್ದ. ತಪ್ಪಾಯಿತು ಅನ್ನಲು ಆ ವಯಸ್ಸಿನಲ್ಲಿ ನನಗೆ ಬಾಯಿ ಬರಲಿಲ್ಲ ಅವ್ವ. ಅದಕ್ಕೆ ಸಾಹೇಬರು ಕೇಳಿದ್ದನ್ನೇ ಕೇಳಿದೆ, ಹಳ್ಳ ಯಾವ ಕಡೆ ಹರಿತೈತಿ ಅಂತ. ಅವನು ಒಂದು ಕಡ್ಡಿ ತಗೊಂಡು ಮಣ್ಣಿನಲ್ಲಿ ಗೀಚಿದ. ಹಳ್ಳ ಎಲ್ಲಿ ಹುಟ್ಟುತ್ತದೆ, ಎಲ್ಲಿ ಎರಡು ಸೀಳಾಗುತ್ತದೆ, ಎಲ್ಲಿ ಮಡು, ಮಡುವಿನಲ್ಲಿ ಯಾವ ಬಂಡೆಯ ಹತ್ತಿರ ಕಾಲಿಡಬಾರದು, ಬೇಸಿಗೆಯಲ್ಲಿ ಎಲ್ಲಿ ವರ್ತಿ ತೋಡಿದರೆ ನೀರು ಸಿಗುತ್ತದೆ. ನನ್ನ ಪಾಠಯೋಜನೆಯಲ್ಲಿ ಅಷ್ಟು ಭೂಗೋಳ ಇರಲಿಲ್ಲ.

ಅವನು ತಿರುಗಿ ಸಾಲಿಗೆ ಬಂದ. ಆದರೆ ಐದನೇ ತರಗತಿ ಮುಗಿಸಲಿಲ್ಲ. ಆ ವರ್ಷ ಮಳೆ ಕೈಕೊಟ್ಟು ಮನೆಯವರೆಲ್ಲ ಗುಳೆ ಹೋದರು. ನನ್ನ ಮಾತಿನಿಂದಲೇ ಬಿಟ್ಟ ಅನ್ನಲಾರೆ. ಅಲ್ಲ ಅಂತಲೂ ಅನ್ನಲಾರೆ. ಈಗ ನಿಮಗೆ ಶಿಕ್ಷಣ ಹಕ್ಕು ಕಾಯ್ದೆ ಇದೆ, 2010ರ ಏಪ್ರಿಲ್ 1ರಿಂದ. ಅದರ 17ನೇ ಸೆಕ್ಷನ್ನಿನಲ್ಲಿ ಹೊಡೆಯಬಾರದು ಅಂತ ಅಷ್ಟೇ ಇಲ್ಲ, ಮಾನಸಿಕ ಹಿಂಸೆಯೂ ಕೂಡದು ಅಂತಿದೆ. ತರಬೇತಿಯಲ್ಲಿ ಅದನ್ನು ಓದುವಾಗ ಎಲ್ಲರೂ ಬೆತ್ತದ ಮಾತಾಡಿದರು. ನಾನು ಆ "ದಡ್ಡ" ಅನ್ನುವ ಶಬ್ದ ನೆನೆಸಿಕೊಂಡು ಸುಮ್ಮನೆ ಕೂತಿದ್ದೆ.

ನೀನು ಆ ಮಾತು ಆಡಲಿಲ್ಲವಲ್ಲ, ಅದು ನನಗೆ ಸಮಾಧಾನ. ಆದರೆ ಫೋನಿನಲ್ಲಿ ನೀನು ಅಂದದ್ದು ಒಂದು ಕಿವಿಯಲ್ಲೇ ಉಳಿದಿದೆ: "ಮೂರನೇ ಸಾಲಿನ ಹುಡುಗಿ ಮಾಮಾ, ಕ್ಯಾಂಪಿನಿಂದ ಬರ್ತಾಳ ಅನಸ್ತೈತಿ." ಜೂನಿನಿಂದ ಇಲ್ಲಿಯವರೆಗೆ ಐದು ತಿಂಗಳು ದಿನಾ ನಿನ್ನೆದುರು ಕೂತ ಹುಡುಗಿಯ ಬಗ್ಗೆ "ಅನಸ್ತೈತಿ" ಅಂದರೆ ಹೇಗೆ?

ನಿಮ್ಮ ಸಿಂಧನೂರು ಸೀಮೆ ಕೊಪ್ಪಳದಂತಲ್ಲ. ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಗದ್ದೆ ಮಾಡಿದವರ ಕ್ಯಾಂಪುಗಳಿವೆ, ಆ ಮನೆಗಳಲ್ಲಿ ತೆಲುಗು. ತಾಂಡಾದಲ್ಲಿ ಲಂಬಾಣಿ. ಊರೊಳಗೆ ಉರ್ದು ಮನೆಗಳು. ಉಳಿದವರದು ನಮ್ಮ ಕನ್ನಡ, ಅದೂ ಪುಸ್ತಕದ ಕನ್ನಡ ಅಲ್ಲ. ಒಂದೇ ಕೋಣೆಯಲ್ಲಿ ನಾಲ್ಕು ಭಾಷೆ ಕೂತಿರುತ್ತವೆ, ಹಾಜರಿ ಪುಸ್ತಕ ಅದನ್ನು ಹೇಳುವುದಿಲ್ಲ.

ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ನಮ್ಮ ಈ ಕಡೆಯ ಜಿಲ್ಲೆಗಳಲ್ಲೇ ಮೊದಲು ಶುರುವಾದದ್ದು. ಅದರ ಮರುವರ್ಷ ನನ್ನ ಒಂದನೇ ತರಗತಿಗೆ ಒಂದು ಲಂಬಾಣಿ ಹುಡುಗಿ ಸೇರಿದಳು. ಎರಡು ತಿಂಗಳಾದರೂ ಬಾಯಿ ಬಿಡಲಿಲ್ಲ. ಮೂಕಿ ಇರಬೇಕು ಅಂತ ಹೆಡ್ ಮಾಸ್ತರರೇ ಅಂದರು. ಊಟಕ್ಕೆ ಕೂತಾಗ ಆಕೆ ಚೀಲದಿಂದ ಮನೆಯ ರೊಟ್ಟಿ ತೆಗೆದು ಸಾರಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದಳು. ಅಡುಗೆಯ ಅಕ್ಕ ತಾಂಡಾದವಳೇ. ಇದಕ್ಕೆ ನಿಮ್ಮಲ್ಲಿ ಏನಂತೀರಿ ಅಂತ ಕೇಳಿದೆ. "ಬಾಟಿ" ಅಂದಳು. ಮರುದಿನ 'ಬ' ಅಕ್ಷರ ಕಲಿಸುವಾಗ ಬಸವ, ಬಳೆ ಬರೆದು, ಅದರ ಕೆಳಗೆ ಬಾಟಿ ಅಂತ ಬರೆದೆ. ಓದಿ ಹೇಳಿದೆ. ಆ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಎದ್ದು ಬೋರ್ಡಿನ ಹತ್ತಿರ ಬಂದು ಆ ಒಂದು ಶಬ್ದದ ಮೇಲೆ ಬೆರಳಿಟ್ಟಳು. ಮುಂದೆ ಎಷ್ಟು ಮಾತಾಡಿದಳೆಂದರೆ, ಸುಮ್ಮನಿರವ್ವ ಅಂತ ನಾನೇ ಕೈಮುಗಿಯಬೇಕಾಯಿತು.

ಭಿನ್ನರಾಶಿಗೂ ನೀನು ದೂರ ಹೋಗಬೇಕಿಲ್ಲ. ನಮ್ಮವ್ವ, ಅಂದರೆ ನಿನ್ನ ಹೆಸರಿನಾಕಿ, ಸಾಲಿ ಮೆಟ್ಟಿಲು ಹತ್ತಿದವಳಲ್ಲ. "ಅರ್ಧ ರೊಟ್ಟಿ ತಿಂದಿ, ಇನ್ನೊಂದು ಚತಕೋರ ತಿನ್ನು" ಅಂತಿದ್ದಳು. ಅರ್ಧಕ್ಕೆ ಕಾಲು ಕೂಡಿಸುವ ಲೆಕ್ಕವನ್ನು ದಿನಾ ಗಂಗಾಳದಲ್ಲೇ ಮಾಡುತ್ತಿದ್ದಳಲ್ಲ! ಒಂದು ದಿನ ಜೋಳದ ರೊಟ್ಟಿ ಒಯ್ದು ಮಕ್ಕಳ ಕೈಯಿಂದ ಮುರಿಸು. ಆಮೇಲೆ ಅಂಗಡಿಯ ಪಾವ ಕೆಜಿ. ಆಮೇಲೆ ಭತ್ತದ ಚೀಲ: ಎಕರೆಗೆ 40 ಚೀಲ, ಚೀಲಕ್ಕೆ 75 ಕೆಜಿ, ಪಾಲಿಗೆ ಮಾಡಿದವನಿಗೆ ಅರ್ಧ ಹೋದರೆ ಎಷ್ಟು ಕ್ವಿಂಟಲ್ ಉಳಿಯಿತು? ಅಪ್ಪ ದಿನಾ ಮನೆಯಲ್ಲಿ ಕೂಡಿಸಿ ಕಳೆಯುವ ಲೆಕ್ಕ ಅದು, ಮಕ್ಕಳ ಕಿವಿಗೆ ಹಳೆಯದು. ಬೋರ್ಡಿನ ಮೇಲೆ ಒಂದರ ಕೆಳಗೆ ಗೆರೆ ಎಳೆದು ಎರಡು ಬರೆಯುವುದು ಕಡೆಗೆ ಬರಲಿ.

ಹೊಸ ಮುಖ ಕಂಡರೆ ಬಾಯಿ ಕಟ್ಟುವುದು ಬೇರೆ ಸಮಸ್ಯೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದಿದೆ. ಶನಿವಾರ ಮುಂಜಾನೆಯ ಸಾಲಿ ಇರುತ್ತದಲ್ಲ, ಆ ದಿನ ಹೊರಗಿನವರು ಒಬ್ಬರು ಬಂದು ಮಕ್ಕಳಿಗೆ ಪ್ರಶ್ನೆ ಕೇಳಲಿ. ಒಂದು ವಾರ ಅಡುಗೆಯ ಅಕ್ಕ: ಆರರಿಂದ ಎಂಟನೇ ತರಗತಿಯವರಿಗೆ ತಲೆಗೆ 150 ಗ್ರಾಂ ಅಕ್ಕಿ, ಇವತ್ತು 64 ಜನ, ಎಷ್ಟು ಅಳೆಯಲಿ? ಇನ್ನೊಂದು ವಾರ ಎಸ್‌ಡಿಎಂಸಿ, ಅಂದರೆ ಸಾಲಿಯ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು. ಮತ್ತೊಂದು ವಾರ ಲೈನ್‌ಮನ್, ಅಥವಾ ಅಂಚೆಯವನು. ನೀನು ಹಿಂದೆ ಹೋಗಿ ಮಕ್ಕಳ ನಡುವೆ ಕೂತುಬಿಡು, ಬಾಯಿ ಹಾಕಬೇಡ. ತಪ್ಪು ಹೇಳಿದರೂ ಯಾರೂ ಬೈಯುವುದಿಲ್ಲ ಅಂತ ನಾಲ್ಕು ಶನಿವಾರದಲ್ಲಿ ಅವರಿಗೆ ಗೊತ್ತಾಗುತ್ತದೆ. ಐದನೇ ವಾರ ಸಾಹೇಬರ ಜೀಪು ಬಂದರೆ, ಅದು ಇನ್ನೊಂದು ಶನಿವಾರ, ಅಷ್ಟೇ.

ದಾಖಲೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮ್ಮ ಹೆಡ್ ಮಾಸ್ತರರು ಹೇಳಿಯೇ ಇರುತ್ತಾರೆ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ. ಈಗ ಹತ್ತಿ ಬಿಡಿಸುವ ಕಾಲ, ಮಕ್ಕಳು ಅಪ್ಪ ಅವ್ವನ ಹಿಂದೆ ಹೊಲಕ್ಕೆ ಹೋಗುತ್ತಾರೆ. ತರಗತಿ ಖಾಲಿ ಕಾಣಬಾರದು ಅಂತ ಹಾಜರಿ ಹಾಕುವ ಚಟ ಕೆಲವರಿಗೆ ಇದೆ. ಬಲ್ಲ ಅಧಿಕಾರಿ ಮೊದಲು ನೋಡುವುದೇ ಹಾಜರಿಯ ಲೆಕ್ಕಕ್ಕೂ ಬಿಸಿಯೂಟದ ಲೆಕ್ಕಕ್ಕೂ ತಾಳೆ ಬೀಳುತ್ತದೋ ಇಲ್ಲವೋ ಅನ್ನುವುದನ್ನು. ಬರದವರಿಗೆ ಗೈರುಹಾಜರಿ ಹಾಕು, ಯಾವ ದಿನ ಅವರ ಮನೆಗೆ ಹೋಗಿ ಕೇಳಿ ಬಂದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಸಾಹೇಬರು ಕೇಳಿದರೆ ಅದನ್ನು ಮುಂದಿಡು. ಪಾಠಯೋಜನೆ ಬರೆಯುವಾಗಲೂ, ಅಂದುಕೊಂಡಂತೆ ಆಗದ ಪಾಠಕ್ಕೆ ಆಗಲಿಲ್ಲ ಅಂತ ಅಂಚಿನಲ್ಲಿ ಬರಿ. ಅಂಚು ಖಾಲಿ ಇರುವ ಪಾಠಯೋಜನೆಯನ್ನು ನಾನು ಹೆಡ್ ಮಾಸ್ತರ ಆದಾಗ ನಂಬುತ್ತಿರಲಿಲ್ಲ.

ಜೀಪು ಬಂದ ದಿನ ಕಿಟಕಿಯ ಕಡೆ ಓಡಬೇಡ. ಸ್ವಾಗತ ಮಾಡಲು ಹೆಡ್ ಮಾಸ್ತರರಿದ್ದಾರೆ. ಒಳಗೆ ಬಂದರೆ ಮಕ್ಕಳು ನಮಸ್ಕಾರ ಹೇಳಲಿ, ನೀನು "ಕುಂದರ್ರಿ ಸರ್, ಈ ಲೆಕ್ಕ ಮುಗಿಸ್ತೀವಿ" ಅಂದು ಪಾಠ ಮುಂದುವರಿಸು. ಹುಡುಗಿ ನಿಂತು ನೆಲ ನೋಡಿದರೆ, "ಸ್ವಲ್ಪ ಟೈಮ್ ಕೊಡ್ರಿ ಸರ್, ಹೇಳ್ತಾಳ" ಅನ್ನು. ಇಷ್ಟು ಹೇಳಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಅವರು ಬರೆದ ಷರಾ ನಿನಗೆ ಸರಿ ಕಾಣದಿದ್ದರೆ ಮಕ್ಕಳ ಎದುರು ವಾದ ಬೇಡ. ಆಫೀಸು ಕೋಣೆಯಲ್ಲಿ, ಹೀಗೆ ಮಾಡಿದ್ದೇನೆ ಸರ್, ಇನ್ನೇನು ಮಾಡಲಿ ಅಂತ ಕೇಳು. ಕೆಲವರು ಕೈಬೀಸಿ ಎದ್ದು ಹೋಗುತ್ತಾರೆ. ಕೆಲವರು ಹೇಳಿಕೊಡುತ್ತಾರೆ. ಒಮ್ಮೆ ಡಯಟ್‌ನಿಂದ, ಅಂದರೆ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಿಂದ ಬಂದ ಒಬ್ಬರು ನನ್ನ ತರಗತಿಯಲ್ಲಿ ಒಂದು ತಾಸು ನೆಲದ ಮೇಲೆ ಮಕ್ಕಳ ಜೊತೆ ಕೂತು, ಹೋಗುವಾಗ, "ಸರ್, ನೀವು ಬಾಗಿಲ ಕಡೆ ಕೂತವರನ್ನಷ್ಟೇ ಕೇಳ್ತೀರಿ" ಅಂದರು. ಹನ್ನೊಂದು ವರ್ಷ ಪಾಠ ಮಾಡಿದ್ದೆ, ನನಗೆ ಅದು ಗೊತ್ತೇ ಇರಲಿಲ್ಲ. ತಪಾಸಣೆ ಅಂದರೆ ಬರೀ ಕಾಟ ಅಂತ ಬೈಯುವವರ ಕೂಡ ನಾನು ಪೂರ್ತಿ ಸೇರದಿರುವುದಕ್ಕೆ ಆ ಮನುಷ್ಯನೇ ಕಾರಣ.

ನಿಮ್ಮವ್ವ ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟಿ ಇಟ್ಟಿದ್ದಾಳೆ. ಈ ಕಾಗದದ ಜೊತೆಗೇ ಕಳಿಸುತ್ತೇನೆ, ಊಟ ಬಿಡಬೇಡ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೇಗೂ ಬರುತ್ತೀ, ಆಗ ಎರಡು ದಿನ ಹೆಚ್ಚು ಇರುವಂತೆ ರಜೆ ಹಾಕು.

ಅದಕ್ಕೂ ಮುಂಚೆ ಫೋನ್ ಮಾಡು. ಸಾಹೇಬರು ಬಂದರೋ ಇಲ್ಲವೋ ಅಂತ ನಾನು ಕೇಳುವುದಿಲ್ಲ. ಆ ಮೂರನೇ ಸಾಲಿನ ಹುಡುಗಿಯ ಹೆಸರು ಹೇಳು, ಮತ್ತೆ ಅವರ ಮನೆಯಲ್ಲಿ ರೊಟ್ಟಿಗೆ ಏನಂತಾರ ಅದನ್ನೂ.

ನಿನ್ನ ಮಾಮಾ